ಬೀರುವಿನ ಬ್ಯಾಂಕು: ಅಜ್ಜಿಯ ಜರಿ ಸೀರೆ ಯಾಕೆ ಉಳಿಯಲಿಲ್ಲ?

ಇವತ್ತು ಮಾತಾಡೋದು ಹಳೇ ಬಟ್ಟೆ ಬಗ್ಗೆ. ಹಳೇ ಬಟ್ಟೆ ಅಂದ ತಕ್ಷಣ ಮೂಗು ಮುರೀಬೇಡಿ. ಈಗ ಅದಕ್ಕೆ ‘ವಿಂಟೇಜ್’ ಅಂತ ಹೆಸರು ಬಂದಿದೆ, ಹೆಸರಿನ ಜೊತೆ ಬೆಲೆನೂ ಬಂದಿದೆ. ಅಜ್ಜಿಯ ಸೀರೆ ಉಟ್ಟು, ತಾತನ ವಾಚ್ ಕಟ್ಟಿಕೊಂಡು ಆಫೀಸಿಗೆ ಹೋಗೋರು ಮೆಟ್ರೋದಲ್ಲಿ ನಿಮಗೂ ಕಂಡಿರ್ತಾರೆ. ನಾನೂ ಅವರಲ್ಲಿ ಒಬ್ಬಳು.

‘ವಿಂಟೇಜ್’ ಅನ್ನೋ ಪದ ಬಂದಿದ್ದು ದ್ರಾಕ್ಷಾರಸದ ವ್ಯಾಪಾರದಿಂದ. ಯಾವ ವರ್ಷದ ದ್ರಾಕ್ಷಿ ಸುಗ್ಗಿಯದು ಅನ್ನೋದನ್ನ ಹೇಳೋಕೆ ಬಳಸ್ತಿದ್ದ ಮಾತು ಅದು. ಆಮೇಲೆ ಕಾರಿಗೆ ಬಂತು, ಬಟ್ಟೆಗೆ ಬಂತು. ಬಟ್ಟೆ ವ್ಯಾಪಾರದಲ್ಲಿ ಸಾಮಾನ್ಯವಾಗಿ 20 ವರ್ಷ ದಾಟಿದ್ದನ್ನ ವಿಂಟೇಜ್ ಅಂತಾರೆ, 100 ವರ್ಷ ದಾಟಿದ್ದು ಆಂಟಿಕ್. ಈ ಲೆಕ್ಕದಲ್ಲಿ ನಮ್ಮಮ್ಮ 2000ನೇ ಇಸವಿಯಲ್ಲಿ ತಗೊಂಡ ಸೀರೆ ಕೂಡ ವಿಂಟೇಜೇ. ಅಮ್ಮನಿಗೆ ಇದನ್ನ ಹೇಳಿದಾಗ ಅವರಿಗೆ ಅಷ್ಟೇನೂ ಖುಷಿ ಆಗಲಿಲ್ಲ.

ಈ ಸಂಚಿಕೆಗೆ ಕಾರಣ ಒಂದು ಪ್ರಶ್ನೆ. 1940, 50, 60ರ ದಶಕದಲ್ಲಿ ನಮ್ಮ ರಾಜ್ಯದಲ್ಲಿ ಎಷ್ಟೊಂದು ಮದುವೆ ಆಗಿರಬೇಕು. ಸ್ವಲ್ಪ ಅನುಕೂಲ ಇದ್ದ ಮನೆಯಲ್ಲಿ ಮದುಮಗಳಿಗೆ ಒಂದಾದರೂ ಜರಿ ಸೀರೆ ಬಂದೇ ಬಂದಿರುತ್ತೆ. ಆ ಸೀರೆಗಳೆಲ್ಲ ಈಗ ಎಲ್ಲಿವೆ? ನೆಂಟರನ್ನ, ಸ್ನೇಹಿತರ ಮನೆಯವರನ್ನ ಕೇಳ್ತಾ ಹೋದೆ. ಹೆಚ್ಚಿನ ಕಡೆ ಬಂದ ಉತ್ತರ ಒಂದೇ: “ಇತ್ತು ಕಣಮ್ಮ, ಯಾವಾಗಲೋ ಕೊಟ್ಟುಬಿಟ್ವಿ.”

ಕೊಟ್ಟಿದ್ದು ಯಾರಿಗೆ? ಯಾಕೆ? ಇದಕ್ಕೆ ಉತ್ತರ ಹುಡುಕಿದ್ರೆ ಫ್ಯಾಷನ್ ಚರಿತ್ರೆಗಿಂತ ಹೆಚ್ಚಾಗಿ ಮನೆಯ ಹಣಕಾಸಿನ ಚರಿತ್ರೆ ಸಿಗುತ್ತೆ. ನಾನು ಓದಿದ್ದು ಬಿ.ಕಾಂ. ಹಾಗಾಗಿ ಈ ಕಥೆನ ಸ್ವಲ್ಪ ಲೆಕ್ಕದ ಪುಸ್ತಕದ ಕಡೆಯಿಂದಲೇ ಹೇಳ್ತೀನಿ.

ಹತ್ತಿ ಸೀರೆ ಹೋಗಿದ್ದು ಸೂಜಿಯ ದಾರಿಯಲ್ಲಿ

ಮೊದಲು ಹತ್ತಿ ಸೀರೆ. ಒಂದು ಕಾಲದಲ್ಲಿ ಹೆಚ್ಚಿನ ಹೆಂಗಸರ ಹತ್ತಿರ ಇದ್ದಿದ್ದೇ ಎರಡು ಮೂರು ಸೀರೆ. ಉಟ್ಟಿದ್ದೊಂದು, ಒಗೆದು ಹಾಕಿದ್ದೊಂದು, ಹಬ್ಬಕ್ಕೆ ಅಂತ ಎತ್ತಿಟ್ಟಿದ್ದೊಂದು. ಹೀಗಿರುವಾಗ ಸೀರೆ ಹಳೇದಾಗೋದಕ್ಕೆ ಮುಂಚೆ ಸವೆದುಹೋಗುತ್ತೆ.

ಸವೆದ ಸೀರೆ ಒಂದೇ ಸಲಕ್ಕೆ ಕಸಕ್ಕೆ ಹೋಗ್ತಿರಲಿಲ್ಲ. ಗಟ್ಟಿ ಇರೋ ಭಾಗದಲ್ಲಿ ಮಕ್ಕಳಿಗೆ ಲಂಗ ಆಗ್ತಿತ್ತು. ಮೆತ್ತಗಾದ ಭಾಗ ಮಗುವಿಗೆ ಜೋಲಿ, ಬಾಣಂತಿಗೆ ತಲೆ ಬಟ್ಟೆ. ಉತ್ತರ ಕರ್ನಾಟಕದಲ್ಲಾದರೆ ಉಳಿದ ತುಂಡುಗಳು ಕೌದಿಗೆ ಸೇರ್ತಿದ್ದವು. ಹಳೇ ಸೀರೆ, ಧೋತರದ ತುಂಡುಗಳನ್ನ ಪದರ ಪದರವಾಗಿ ಇಟ್ಟು, ಸಾಲು ಸಾಲಾಗಿ ದಾರ ಓಡಿಸಿ ಹೊಲಿಯೋ ಹೊದಿಕೆ ಅದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಸಿದ್ದಿ ಸಮುದಾಯದ ಹೆಂಗಸರು ಹೊಲಿಯೋ ಕೌದಿಗಳು ಈಗ ಪ್ರದರ್ಶನಗಳಿಗೆ ಹೋಗ್ತವೆ. ಅವರ ಬಣ್ಣದ ಜೋಡಣೆ ನೋಡಿದ್ರೆ ಕಣ್ಣು ತೆಗೆಯೋಕೆ ಆಗಲ್ಲ. ಕೊನೆಗೆ ಕೌದಿನೂ ಹರಿದ ಮೇಲೆ ನೆಲ ಒರೆಸೋ ಬಟ್ಟೆ.

ಅಂದ್ರೆ ಹತ್ತಿ ಸೀರೆ ಕಳೆದುಹೋಗಲಿಲ್ಲ, ಪೂರ್ತಿ ಬಳಕೆ ಆಯ್ತು. ಇವತ್ತು 70 ವರ್ಷದ ಹಳೇ ಹತ್ತಿ ಸೀರೆ ಯಾರ ಮನೆಯಲ್ಲಾದರೂ ಸಿಕ್ಕರೆ, ಅದನ್ನ ಯಾರೋ ಹೆಚ್ಚು ಉಡದೇ ಎತ್ತಿಟ್ಟಿದ್ದರು ಅಂತ ಅರ್ಥ.

ಇಳಕಲ್ ಸೀರೆ ಇದಕ್ಕೆ ಒಳ್ಳೆ ಉದಾಹರಣೆ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ನೇಯೋ ಸೀರೆಯಲ್ಲಿ ಸೆರಗನ್ನ ಹೊಲಿದು ಸೇರಿಸಲ್ಲ. ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಕುಣಿಕೆಗೆ ಕುಣಿಕೆ ಹಾಕಿ ಜೋಡಿಸಿ, ಆಮೇಲೆ ನೇಯ್ತಾರೆ. ಈ ವಿಧಾನಕ್ಕೆ ತೋಪು ತೆನಿ ಅಂತ ಹೆಸರು. ಒಡಲು ಹತ್ತಿ ಇದ್ದರೂ ಸೆರಗು ರೇಷ್ಮೆ ಆಗಿರಬಹುದು, ಜೋಡಿಸಿದ ಗುರುತು ಮಾತ್ರ ಕೈಗೆ ಸಿಗಲ್ಲ. ಹೀಗಾಗಿ ಹಳೇ ಇಳಕಲ್ ಸೀರೆಯಲ್ಲಿ ಎರಡು ಭಾಗ ಎರಡು ಥರ ಹಳೇದಾಗುತ್ತೆ. ಒಡಲು ಮೊದಲು ಸವೆಯುತ್ತೆ, ಕೆಂಪು ಸೆರಗು ಆಮೇಲೂ ಮಿನುಗ್ತಾ ಇರುತ್ತೆ. ಒಡಲು ಕೌದಿಗೆ ಹೋಗಿ ಸೆರಗು ಮಾತ್ರ ಪೆಟ್ಟಿಗೆಯಲ್ಲಿ ಉಳಿದ ಮನೆಗಳಿವೆ. ಆ ಸೆರಗನ್ನ ಈಗಿನ ಹುಡುಗೀರು ದುಪಟ್ಟಾ ಥರ ಹಾಕ್ಕೊಳ್ತಾರೆ.

ರೇಷ್ಮೆ ಮತ್ತು ಜರಿ

ಈಗ ರೇಷ್ಮೆಗೆ ಬರೋಣ. ಮೈಸೂರು ಸೀಮೆಗೆ ರೇಷ್ಮೆ ಹುಳು ಸಾಕಾಣಿಕೆ ಬಂದಿದ್ದು 18ನೇ ಶತಮಾನದ ಕೊನೆಯಲ್ಲಿ, ಟಿಪ್ಪು ಸುಲ್ತಾನನ ಕಾಲದಲ್ಲಿ. ಬಂಗಾಳದಿಂದ ಅದರ ವಿದ್ಯೆ ತರಿಸೋ ವ್ಯವಸ್ಥೆ ಆಯ್ತು. ನೂರು ವರ್ಷ ಆದ್ಮೇಲೆ ಜಮ್ಷೆಟ್‌ಜಿ ಟಾಟಾ ಜಪಾನೀ ಪದ್ಧತಿಯನ್ನ ಇಲ್ಲಿಗೆ ತಂದು ಬೆಂಗಳೂರಿನಲ್ಲಿ ಒಂದು ರೇಷ್ಮೆ ತೋಟ ಮಾಡಿಸಿದರು. ಬಸವನಗುಡಿ ಹತ್ತಿರ ‘ಟಾಟಾ ಸಿಲ್ಕ್ ಫಾರ್ಮ್’ ಅನ್ನೋ ಸ್ಟಾಪಿನ ಹೆಸರು ಕೇಳಿರ್ತೀರಲ್ಲ, ಆ ಹೆಸರು ಬಂದಿದ್ದು ಅಲ್ಲಿಂದ.

1912ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, ಮೈಸೂರಿನಲ್ಲಿ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆ ಶುರು ಆಯ್ತು. ಯಂತ್ರದ ಮಗ್ಗ ಬಂದಿದ್ದು ಸ್ವಿಟ್ಜರ್ಲೆಂಡಿನಿಂದ. ಮೊದಮೊದಲು ಅಲ್ಲಿ ನೇಯ್ತಿದ್ದಿದ್ದು ಅರಮನೆಗೆ ಬೇಕಾದ ಬಟ್ಟೆ, ಸೈನ್ಯದ ಅಲಂಕಾರದ ಬಟ್ಟೆ. ಸ್ವಾತಂತ್ರ್ಯ ಬಂದ ಮೇಲೆ ಕಾರ್ಖಾನೆ ರಾಜ್ಯದ ರೇಷ್ಮೆ ಇಲಾಖೆಗೆ ಬಂತು. 1980ರಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮಕ್ಕೆ, ಅಂದ್ರೆ ನಾವೆಲ್ಲ ಕೆಎಸ್‌ಐಸಿ ಅನ್ನೋ ಸಂಸ್ಥೆಗೆ, ಹಸ್ತಾಂತರ ಆಯ್ತು. ಮಾನಂದವಾಡಿ ರಸ್ತೆಯಲ್ಲಿ ಈಗಲೂ ಅದು ನಡೀತಿದೆ.

ಮೈಸೂರು ಸಿಲ್ಕ್ ಮುಟ್ಟಿದ ತಕ್ಷಣ ಗೊತ್ತಾಗುತ್ತೆ. ಕಾರಣ ಅದರ ನೂಲಿನ ಹುರಿ. ನೂಲಿಗೆ ತುಂಬಾ ಗಟ್ಟಿಯಾಗಿ ಹುರಿ ಹಾಕಿರ್ತಾರೆ, ಕೆಲವಕ್ಕೆ ಎಡಕ್ಕೆ, ಕೆಲವಕ್ಕೆ ಬಲಕ್ಕೆ. ನೇಯ್ದ ಮೇಲೆ ಆ ಎಳೆಗಳು ಒಂದನ್ನೊಂದು ಎಳೆದುಕೊಂಡು ಬಟ್ಟೆ ಮೇಲೆ ಸಣ್ಣ ಸಣ್ಣ ಸುಕ್ಕು ಬರುತ್ತೆ. ಅದೇ ಕ್ರೇಪ್. ಹೀಗಾಗಿ ಈ ಸೀರೆ ಮೈಮೇಲೆ ನಿಗುರಿಕೊಂಡು ನಿಲ್ಲಲ್ಲ, ಇಳಿಬೀಳುತ್ತೆ. ದಿನಾ ಉಡೋಕೆ ಹಳೇ ರೇಷ್ಮೆ ಬೇಕು ಅನ್ನೋರಿಗೆ ಇದೇ ಅನುಕೂಲ.

ಇನ್ನು ಜರಿ. ಬೆಳ್ಳಿಯನ್ನ ಕೂದಲಿನಷ್ಟು ಸಣ್ಣ ತಂತಿಯಾಗಿ ಎಳೆದು, ಚಪ್ಪಟೆ ಮಾಡಿ, ರೇಷ್ಮೆ ದಾರದ ಮೇಲೆ ಸುತ್ತಿ, ಮೇಲೆ ಚಿನ್ನದ ಲೇಪ ಕೊಟ್ಟರೆ ಅಸಲಿ ಜರಿ. ದೇಶದಲ್ಲಿ ಇದರ ದೊಡ್ಡ ಕೇಂದ್ರ ಸೂರತ್. ಕೆಎಸ್‌ಐಸಿ ತನ್ನ ಸೀರೆಯ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ ಇರುತ್ತೆ ಅಂತ ಹೇಳುತ್ತೆ. ನಕಲಿ ಜರಿಯಲ್ಲಿ ಬೆಳ್ಳಿ ಬದಲು ತಾಮ್ರ ಇರುತ್ತೆ, ಇಲ್ಲಾ ಬರೀ ಪ್ಲಾಸ್ಟಿಕ್ ಹಾಳೆಯ ಮೇಲಿನ ಮಿಂಚು.

ಅಸಲಿ ಜರಿ ಸೀರೆ ಅಂದ್ರೆ ಬಟ್ಟೆಯ ಜೊತೆ ಲೋಹ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ.

ಬೀರುವಿನಲ್ಲಿದ್ದ ಬ್ಯಾಂಕು

ಬಹಳ ಕಾಲ ನಮ್ಮ ಹೆಂಗಸರ ಹೆಸರಿನಲ್ಲಿ ಜಮೀನು ಇರಲಿಲ್ಲ, ಮನೆ ಇರಲಿಲ್ಲ, ಬ್ಯಾಂಕ್ ಖಾತೆನೂ ಇರಲಿಲ್ಲ. ನನ್ನದು ಅಂತ ಹೇಳಿಕೊಳ್ಳೋಕೆ ಇದ್ದಿದ್ದು ಸ್ತ್ರೀಧನ. ತವರಿನವರು, ಗಂಡನ ಮನೆಯವರು ಕೊಟ್ಟ ಒಡವೆ, ಸೀರೆ, ಪಾತ್ರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಹೆಣ್ಣಿನ ಆಸ್ತಿ ಪೂರ್ತಿ ಅವಳದೇ ಅಂತ ಆಯ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನ ಹಾಗೇ ಪಾಲು ಅನ್ನೋ ತಿದ್ದುಪಡಿ ಕರ್ನಾಟಕದಲ್ಲಿ ಜಾರಿಗೆ ಬಂದಿದ್ದು 1994ರಲ್ಲಿ. ಇಡೀ ದೇಶಕ್ಕೆ ಬಂದಿದ್ದು 2005ರಲ್ಲಿ.

ಅಲ್ಲಿವರೆಗೂ ಬೀರುವಿನ ಒಳಗಿದ್ದ ಜರಿ ಸೀರೆನೇ ಅವರ ಬ್ಯಾಂಕು. ಹಬ್ಬಕ್ಕೆ, ಮದುವೆಗೆ ಉಡಬಹುದು. ಕಷ್ಟ ಬಂದಾಗ ಮಾರಬಹುದು. ಸೀರೆ ಹರಿದರೂ ಜರಿಗೆ ಬೆಲೆ ಇದ್ದೇ ಇರುತ್ತೆ. ನಮ್ಮ ಕಾಮರ್ಸ್ ಭಾಷೆಯಲ್ಲಿ ಇದನ್ನ ಸ್ಕ್ರ್ಯಾಪ್ ವ್ಯಾಲ್ಯೂ ಅಂತೀವಿ. ಯಂತ್ರದ ಆಯಸ್ಸು ಮುಗಿದ ಮೇಲೆ ಗುಜರಿಗೆ ಹಾಕಿದರೆ ಬರೋ ದುಡ್ಡು.

ಬೀದಿಯಲ್ಲಿ ಕೂಗ್ತಾ ಬರೋರು ನಿಮಗೆ ನೆನಪಿರಬಹುದು. ಒಬ್ಬರು ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡೋರು. ನಾಲ್ಕು ಸೀರೆ, ಎರಡು ಪ್ಯಾಂಟ್ ಕೊಟ್ಟು ಒಂದು ಸ್ಟೀಲ್ ಡಬ್ಬಕ್ಕೆ ಅರ್ಧ ಗಂಟೆ ಚೌಕಾಸಿ ನಡೀತಿತ್ತು. ಇನ್ನೊಬ್ಬರು ಬರೀ ಹಳೇ ರೇಷ್ಮೆ ಸೀರೆ ಕೊಳ್ಳೋರು. ಅವರಿಗೆ ಸೀರೆ ಬೇಡ, ಜರಿ ಬೇಕು. ಅಂಚು, ಸೆರಗು ಕತ್ತರಿಸಿ ಸುಟ್ಟರೆ ರೇಷ್ಮೆ ಬೂದಿ ಆಗುತ್ತೆ, ಬೆಳ್ಳಿ ಉಳಿಯುತ್ತೆ. ಅದನ್ನ ಕರಗಿಸಿ ಶುದ್ಧ ಮಾಡಿ ಮಾರ್ತಾರೆ. ಬೆಂಗಳೂರಿನ ಪೇಟೆ ಬೀದಿಗಳಲ್ಲಿ ‘ಹಳೇ ರೇಷ್ಮೆ ಸೀರೆ ಕೊಳ್ಳಲಾಗುವುದು’ ಅನ್ನೋ ಬೋರ್ಡ್ ಈಗಲೂ ಕಾಣುತ್ತೆ.

ನಮ್ಮ ಅಜ್ಜಿಯ ಧಾರೆ ಸೀರೆನೂ ಹೋಗಿದ್ದು ಹಾಗೇ. ನನಗೆ ಇದು ಗೊತ್ತಾದಾಗ ತುಂಬಾ ಸಂಕಟ ಆಯ್ತು. “ಅಜ್ಜಿ, ಬೇಜಾರಾಗ್ಲಿಲ್ವಾ ನಿಂಗೆ?” ಅಂದೆ. ಅಜ್ಜಿ ನನ್ನ ಮುಖ ನೋಡಿ ಹೇಳಿದ್ರು: “ಬೇಜಾರು ಯಾಕೇ? ಮಡಿಕೆ ಮಡಿಕೆಲೂ ಸೀಳು ಬಿಟ್ಟಿತ್ತು. ಆ ದುಡ್ಡಲ್ಲೇ ಕಣೇ ನಿಮ್ಮಪ್ಪನ ಡಿಪ್ಲೊಮಾ ಫೀಸು ಕಟ್ಟಿದ್ದು. ತಾತನ್ನ ಕೇಳೋ ಹಾಗೆ ಇರಲಿಲ್ಲ.”

ಆ ಕೊನೇ ಮಾತು ನನಗೆ ಬಹಳ ದಿನ ತಲೇಲಿ ಉಳೀತು. ಅಜ್ಜಿ ಸೀರೆ ಕಳ್ಕೊಂಡಿರಲಿಲ್ಲ. ಖಾತೆಯಿಂದ ದುಡ್ಡು ತೆಗೆದಿದ್ರು, ಅದೂ ಯಾರ ಅನುಮತಿನೂ ಕೇಳದೆ. ನಮ್ಮ ಹಿರಿಯರಿಗೆ ಹಳೇದರ ಬೆಲೆ ಗೊತ್ತಿರಲಿಲ್ಲ ಅಂತ ವಿಂಟೇಜ್ ಪ್ರಿಯರು ಕೆಲವರು ಬರೀತಾರೆ. ಅದು ಸರಿಯಲ್ಲ. ಅವರಿಗೆ ಬೆಲೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದಿದ್ದಕ್ಕೇ ಸೀರೆ ಒಲೆಗೆ ಹೋಯ್ತು.

ಒಡವೆಯದೂ ಅದೇ ಕಥೆ

ಒಡವೆ ವಿಷಯದಲ್ಲಿ ಇದು ಇನ್ನೂ ವೇಗವಾಗಿ ನಡೀತು. ಹಳೇ ಮದುವೆ ಫೋಟೋ ತೆಗೆದು ನೋಡಿ. ಅಡ್ಡಿಕೆ, ಕಾಸಿನ ಸರ, ವಂಕಿ, ಡಾಬು, ಬುಗುಡಿ, ಜಡೆ ಬಿಲ್ಲೆ ಕಾಣ್ತವೆ. ಫೋಟೋ ಇದೆ, ಒಡವೆ ಇಲ್ಲ. ಮಗಳ ಮದುವೆಗೆ ಅಮ್ಮನ ಡಾಬು ಮುರಿಸಿ ನೆಕ್ಲೇಸು, ಬಳೆ. ಮೊಮ್ಮಗಳ ಮದುವೆಗೆ ಆ ನೆಕ್ಲೇಸು ಮುರಿಸಿ ಇನ್ನೊಂದು. ಚಿನ್ನ ಅದೇ, ಆಕಾರ ಮಾತ್ರ ಹೊಸದು. ಪ್ರತೀ ಸಲ ಮುರಿಸಿದಾಗಲೂ ತೇಮಾನು, ಕೂಲಿ ಅಂತ ಒಂದಿಷ್ಟು ಹೋಗ್ತಾನೇ ಇತ್ತು.

ಇದಕ್ಕೆ ಸರ್ಕಾರದ ನೀತಿಯ ಹಿನ್ನೆಲೆನೂ ಸ್ವಲ್ಪ ಇದೆ. 1962ರ ಚೀನಾ ಯುದ್ಧದ ಹೊತ್ತಿಗೆ ಎಷ್ಟೋ ಹೆಂಗಸರು ಮೈಮೇಲಿನ ಬಳೆ, ಸರ ಬಿಚ್ಚಿ ರಾಷ್ಟ್ರೀಯ ರಕ್ಷಣಾ ನಿಧಿಗೆ ಕೊಟ್ಟರು. 1963ರ ಜನವರಿಯಲ್ಲಿ, ಮೊರಾರ್ಜಿ ದೇಸಾಯಿ ಹಣಕಾಸು ಸಚಿವರಾಗಿದ್ದಾಗ, ಚಿನ್ನದ ನಿಯಂತ್ರಣ ನಿಯಮ ಬಂತು. ಹೊಸ ಒಡವೆ 14 ಕ್ಯಾರೆಟ್‌ಗಿಂತ ಹೆಚ್ಚು ಇರಬಾರದು ಅಂತ ಕಟ್ಟಳೆ. 22 ಕ್ಯಾರೆಟ್ ಅಂದ್ರೆ ನೂರಕ್ಕೆ ಸುಮಾರು 92 ಪಾಲು ಚಿನ್ನ, 14 ಕ್ಯಾರೆಟ್ ಅಂದ್ರೆ ಸುಮಾರು 58. ಜನ ಒಪ್ಪಲಿಲ್ಲ, ಅಕ್ಕಸಾಲಿಗರ ಕೆಲಸಕ್ಕೆ ದೊಡ್ಡ ಪೆಟ್ಟು ಬಿತ್ತು. ಕ್ಯಾರೆಟ್ ಮಿತಿ ಕೆಲವೇ ವರ್ಷದಲ್ಲಿ ಹೋಯ್ತು. 1968ರಲ್ಲಿ ಚಿನ್ನ ನಿಯಂತ್ರಣಕ್ಕೇ ಒಂದು ಪ್ರತ್ಯೇಕ ಕಾಯ್ದೆ ಬಂತು, ಅದು ರದ್ದಾಗಿದ್ದು 1990ರಲ್ಲಿ.

ಹಾಗಾಗಿ ಇವತ್ತು ‘ವಿಂಟೇಜ್ ಚಿನ್ನದ ಒಡವೆ’ ಅಂತ ಯಾರಾದರೂ ತೋರಿಸಿದರೆ ಎರಡು ಸಲ ನೋಡಿ. ಹಳೇ ವಿನ್ಯಾಸದ ಹೊಸ ಒಡವೆ ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಅದು ಹಳೇದಲ್ಲ.

ಯಾರಿಗೂ ಬೇಡವಾಗಿ ಉಳಿದವು

ಹಾಗಾದ್ರೆ ನಮ್ಮ ಬೀರುಗಳಲ್ಲಿ ಈಗ ಉಳಿದಿರೋದು ಏನು? ಕರಗಿಸಿದರೆ ದುಡ್ಡು ಬರದೇ ಇದ್ದದ್ದು.

ಮೊದಲನೆಯದು ನೈಲಾನ್, ಪಾಲಿಯೆಸ್ಟರ್ ಸೀರೆ. 60ರ ದಶಕದ ಕೊನೆಯಿಂದ 80ರ ದಶಕದವರೆಗೆ ಒಗೆಯೋಕೆ ಸುಲಭ, ಇಸ್ತ್ರಿ ಬೇಡ ಅಂತ ಇವು ಮನೆಮನೆಗೂ ಬಂದವು. ವಿಮಲ್, ಗಾರ್ಡನ್ ಹೆಸರುಗಳು ಎಷ್ಟೋ ಅಮ್ಮಂದಿರಿಗೆ ಇನ್ನೂ ಬಾಯಲ್ಲಿದೆ. ಜರಿ ಇಲ್ಲ, ಸವೆಯೋದೂ ಇಲ್ಲ, ಕೌದಿಗೆ ಹಾಕಿದರೆ ಬೆವರು ಹೀರಲ್ಲ. ಹೀಗೆ ಯಾವ ಕೆಲಸಕ್ಕೂ ಬಾರದೆ ಬಣ್ಣ ಕೆಡದೆ ಕೂತಿವೆ. ಆ ಕಾಲದ ದೊಡ್ಡ ದೊಡ್ಡ ಹೂವಿನ ಪ್ರಿಂಟು ಈಗ ನೋಡಿದ್ರೆ ಚೆನ್ನಾಗಿದೆ. ಬಿಸಿಲುಗಾಲಕ್ಕೆ ಬೇಡ, ಒಲೆ ಹತ್ತಿರ ಖಂಡಿತ ಬೇಡ. ಮಳೆಗಾಲಕ್ಕೆ ಮಾತ್ರ ಇದಕ್ಕಿಂತ ಒಳ್ಳೇದಿಲ್ಲ. ನೆನೆದರೆ ಹತ್ತು ನಿಮಿಷಕ್ಕೆ ಒಣಗುತ್ತೆ.

ಎರಡನೆಯದು ವಾಚು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಹೆಚ್‌ಎಂಟಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡೋಕೆ ಶುರು ಮಾಡ್ತು. ಜನತಾ, ಪೈಲಟ್, ಸೋನಾ, ಕಾಂಚನ್ ಅನ್ನೋ ಮಾದರಿಗಳು ಮದುವೆ ಗಂಡಿಗೆ, ಪಾಸಾದ ಹುಡುಗನಿಗೆ, ನಿವೃತ್ತಿ ಆದವರಿಗೆ ಉಡುಗೊರೆಯಾಗಿ ಹೋದವು. ಆಮೇಲೆ ಬ್ಯಾಟರಿ ವಾಚು ಬಂತು, ಮೊಬೈಲು ಬಂತು. 2016ರಲ್ಲಿ ಕೇಂದ್ರ ಸಚಿವ ಸಂಪುಟ ಹೆಚ್‌ಎಂಟಿ ವಾಚಸ್ ಕಂಪನಿ ಮುಚ್ಚೋಕೆ ಒಪ್ಪಿಗೆ ಕೊಟ್ಟಿತು. ಜಾಲಹಳ್ಳಿಯಲ್ಲಿ ಈಗ ಅದರ ಮ್ಯೂಸಿಯಂ ಇದೆ. ಸ್ಟೀಲಿನ ವಾಚನ್ನ ಕರಗಿಸಿ ಏನು ಮಾಡ್ತೀರಿ? ಹೀಗಾಗಿ ಡ್ರಾಯರಿನಲ್ಲೇ ಉಳೀತು.

ಮೂರನೆಯದು ಸಣ್ಣ ಅಂಚಿನ ರೇಷ್ಮೆ ಸೀರೆ. ನಮ್ಮ ಮನೆಯಲ್ಲಿ ಅಜ್ಜಿಯದು ಅಂತ ಉಳಿದಿರೋದು ಒಂದೇ ಸೀರೆ. ತಿಳಿ ಹಸಿರು ಮೈಸೂರು ಕ್ರೇಪ್, ಎರಡು ಬೆರಳಗಲ ಅಂಚು. ಕೊಳ್ಳೋಕೆ ಬಂದವನು ಅದನ್ನ ತಿರುಗಿಸಿ ನೋಡಿ “ಇದರಲ್ಲಿ ಏನೂ ಬರಲ್ಲ ಅಮ್ಮ” ಅಂತ ವಾಪಸ್ ಕೊಟ್ಟನಂತೆ. ನಾನು ಈಗ ಹೆಚ್ಚು ಉಡೋದು ಅದನ್ನೇ.

ಇದರಲ್ಲಿ ಚರಿತ್ರೆ ಓದೋರಿಗೆ ಒಂದು ಎಚ್ಚರಿಕೆ ಇದೆ. ಉಳಿದಿರೋ ಬಟ್ಟೆ ನೋಡಿ ‘ಆ ಕಾಲದಲ್ಲಿ ಹೀಗೆ ಉಡ್ತಿದ್ರು’ ಅಂತ ತೀರ್ಮಾನ ಮಾಡೋಕೆ ಆಗಲ್ಲ. ಹೆಚ್ಚು ಉಟ್ಟಿದ್ದು ಸವೆದುಹೋಯ್ತು. ಹೆಚ್ಚು ಬೆಲೆಯದು ಕರಗಿಹೋಯ್ತು. ನಮ್ಮ ಕೈಗೆ ಸಿಕ್ಕಿರೋದು ನಡುವಿನದು ಮಾತ್ರ.

ಹಳೇ ಸೀರೆ ದಿನಾ ಉಡೋದು ಹೇಗೆ?

ಈಗ ಪ್ರಾಯೋಗಿಕ ವಿಷಯ. ಕೇಳುಗರು ಹೆಚ್ಚು ಕೇಳೋದೂ ಇದನ್ನೇ.

ಮೊದಲು ಸೀರೆ ಉಡೋ ಸ್ಥಿತಿಯಲ್ಲಿ ಇದೆಯಾ ನೋಡಿ. ಕಿಟಕಿ ಬೆಳಕಿಗೆ ಹಿಡಿದರೆ ಮಡಿಕೆ ಜಾಗದಲ್ಲಿ ಸಣ್ಣ ಗೆರೆ ಥರ ಬೆಳಕು ಕಾಣಬಾರದು. ರೇಷ್ಮೆ ಮೊದಲು ಸೀಳೋದು ಮಡಿಕೆಯಲ್ಲೇ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟರೆ ಅಲ್ಲಿ ಎಳೆ ಮುರಿಯುತ್ತೆ, ಜರಿ ಇದ್ದರೆ ಇನ್ನೂ ಬೇಗ. ಬೆರಳಲ್ಲಿ ಮೆಲ್ಲಗೆ ಎಳೆದಾಗ ಸೀಳು ಬಿಟ್ಟರೆ ಆ ಸೀರೆ ಉಡಬೇಡಿ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಸಾಧ್ಯವಾದರೆ ಮಡಿಸದೆ ಕೊಳವೆಗೆ ಸುತ್ತಿ ಇಡಿ. ಎಲ್ಲಾ ಹಳೇ ಸೀರೆನೂ ಉಡಲೇಬೇಕು ಅನ್ನೋ ಹಟ ಬೇಡ.

ಗಟ್ಟಿ ಇದ್ದರೆ ಧೈರ್ಯವಾಗಿ ಉಡಿ. ಅಂಚಿನ ಒಳಗೆ ಫಾಲ್ ಹಾಕಿಸಿ, ಯಾಕಂದ್ರೆ ನೆಲಕ್ಕೆ ಉಜ್ಜೋದು, ಚಪ್ಪಲಿಗೆ ಸಿಕ್ಕೋದು ಅಲ್ಲೇ. ಸೆರಗಿಗೆ ಪಿನ್ನು ಹಾಕುವಾಗ ಒಂದೇ ಪದರಕ್ಕೆ ಚುಚ್ಚಬೇಡಿ, ಭಾರ ಒಂದೇ ತೂತಿನ ಮೇಲೆ ಬಿದ್ದು ಹರಿಯುತ್ತೆ. ಎಲ್ಲಾ ಮಡಿಕೆ ಸೇರಿಸಿ, ಒಳಗೆ ಸಣ್ಣ ಬಟ್ಟೆ ತುಂಡು ಇಟ್ಟು ಹಾಕಿ. ಚೂಪು ಅಂಚಿನ ಬಳೆ, ಹರಳು ಎದ್ದಿರೋ ಉಂಗುರ ಜರಿಗೆ ಸಿಕ್ಕಿಕೊಳ್ಳುತ್ತೆ, ಅವತ್ತು ಗಾಜಿನ ಬಳೆ ಹಾಕಿ. ಸೆಂಟನ್ನ ಸೀರೆ ಮೇಲೆ ಹೊಡಿಬೇಡಿ. ನುಸಿಗುಳಿಗೆ ಬೀರುವಿನ ಮೂಲೆಯಲ್ಲಿರಲಿ, ಜರಿಗೆ ತಾಗದಿರಲಿ. ಮೂರು ನಾಲ್ಕು ತಿಂಗಳಿಗೊಮ್ಮೆ ತೆಗೆದು, ನೆರಳಲ್ಲಿ ಗಾಳಿಗೆ ಹಾಕಿ, ಬೇರೆ ಕಡೆ ಮಡಿಸಿ ಇಡಿ. ಕ್ರೇಪ್ ಸೀರೆಯನ್ನ ಮನೆಯಲ್ಲಿ ನೀರಿಗೆ ಹಾಕಬೇಡಿ, ಹುರಿ ಹೆಚ್ಚಿರೋದರಿಂದ ಕುಗ್ಗುತ್ತೆ.

ರವಿಕೆ ಒಂದು ದೊಡ್ಡ ತಲೆನೋವು. ಹಳೇ ರವಿಕೆ ಯಾರಿಗೂ ಆಗಲ್ಲ. ಅದಕ್ಕೋಸ್ಕರ ಸೆರಗು ಕತ್ತರಿಸೋದು ಮಾತ್ರ ಬೇಡ. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣದ ಕುಪ್ಪಸ ಹಿಂದಿನಿಂದಲೂ ಬಂದ ಜೋಡಿ. ಆ ಖಣ ಈಗಲೂ ನೇಯ್ತಾರೆ, ಹೊಸದಾಗಿ ತಗೊಂಡು ಹೊಲಿಸಬಹುದು. ಮೈಸೂರು ಸಿಲ್ಕಿಗೆ ಅದೇ ಬಣ್ಣದ ರವಿಕೆ ಹುಡುಕಿ ಸುಸ್ತಾಗೋ ಬದಲು ಬಿಳಿ ಹತ್ತಿ ರವಿಕೆ ಹಾಕಿ ನೋಡಿ. ನಾನು ಕೆಲವೊಮ್ಮೆ ಕಾಲರ್ ಇರೋ ಶರ್ಟ್ ಮೇಲೇ ಉಡ್ತೀನಿ. ಅಜ್ಜಿ ನೋಡಿ ನಕ್ಕರು, ಬೇಡ ಅನ್ನಲಿಲ್ಲ.

ಹದಿನೆಂಟು ಮೊಳದ ಸೀರೆ, ಅಂದ್ರೆ ಒಂಬತ್ತು ಗಜದ್ದು, ಸಿಕ್ಕರೆ ಕತ್ತರಿಗೆ ಕೈ ಹಾಕೋ ಮುಂಚೆ ಯೋಚನೆ ಮಾಡಿ. ಈಗಿನ ಸೀರೆ ಆರು ಗಜ, ಸುಮಾರು ಐದೂವರೆ ಮೀಟರ್. ಒಂಬತ್ತು ಗಜ ಎಂಟು ಮೀಟರ್ ದಾಟುತ್ತೆ. ಹೆಚ್ಚಿನ ಉದ್ದ ಇದ್ದಿದ್ದು ಕಚ್ಚೆ ಹಾಕೋಕೆ. ಕಚ್ಚೆ ಹಾಕೋದನ್ನ ಮನೆಯ ಹಿರಿಯರ ಹತ್ತಿರ ಒಂದು ಮಧ್ಯಾಹ್ನ ಕೂತು ಕಲಿಯಬಹುದು. ಕಚ್ಚೆ ಹಾಕಿ ಬಸ್ ಹತ್ತೋದು ನೆರಿಗೆ ಸೀರೆಗಿಂತ ಸುಲಭ, ಹೊಲದಲ್ಲಿ ಕೆಲಸ ಮಾಡ್ತಿದ್ದೋರು ಸುಮ್ಮನೆ ಹಾಗೆ ಉಡ್ತಿರಲಿಲ್ಲ.

ವಾಚಿಗೆ ಒಂದೇ ಮಾತು. ಕೀಲಿ ಕೊಡೋ ಜನತಾ ಮಾದರಿ ಇದ್ದರೆ ದಿನಾ ಒಂದೇ ಹೊತ್ತಿಗೆ ಕೀಲಿ ಕೊಡಿ, ತಿರುಗೋದು ನಿಂತ ಮೇಲೆ ಬಲ ಹಾಕಬೇಡಿ, ನೀರಿಂದ ದೂರ ಇಡಿ. ಹೊರಗೆ ಕೊಳ್ಳೋದಾದರೆ ಹುಷಾರು. ಬೇರೆ ಬೇರೆ ವಾಚಿನ ಭಾಗ ಸೇರಿಸಿ, ಹೊಸದಾಗಿ ಬಣ್ಣ ಬಳಿದ ಡಯಲ್ ಹಾಕಿ ಮಾರೋದು ತುಂಬಾ ಇದೆ. ತಾತನ ವಾಚು ಸ್ವಲ್ಪ ಹಳದಿಯಾಗಿದ್ದರೆ ಹಾಗೇ ಇರಲಿ.

ಗಂಡಸರಿಗೂ ಅಷ್ಟೇ. ತಾತನ ಕೋಟು ಭುಜಕ್ಕೆ ಸರಿಹೋದರೆ ಉಳಿದದ್ದನ್ನ ಟೈಲರ್ ಸರಿಮಾಡ್ತಾರೆ, ಭುಜ ಸರಿಹೋಗದಿದ್ದರೆ ಬಿಟ್ಟುಬಿಡಿ. ಜರಿ ಶಲ್ಯ ಇದ್ದರೆ ನೀವು ಅದೃಷ್ಟವಂತರು, ಅದೂ ಸೀರೆಗಳ ಜೊತೆ ಒಲೆಗೆ ಹೋಗಬೇಕಾಗಿತ್ತು.

ಈಗ ಲೆಕ್ಕ ಬದಲಾಗಿದೆ

ಕೊನೆಯದಾಗಿ ಒಂದು ಲೆಕ್ಕ ಹಾಕೋಣ. 2025ರಲ್ಲಿ ಬೆಳ್ಳಿ ಬೆಲೆ ಕೆಜಿಗೆ ಒಂದು ಲಕ್ಷ ರೂಪಾಯಿ ದಾಟಿತು. ಲೆಕ್ಕ ಸುಲಭವಾಗಲಿ ಅಂತ ಗ್ರಾಂ ಬೆಳ್ಳಿಗೆ 100 ರೂಪಾಯಿ, ಗ್ರಾಂ ಚಿನ್ನಕ್ಕೆ 10,000 ರೂಪಾಯಿ ಅಂತ ಹಿಡಿಯಿರಿ. ಒಂದು ಸೀರೆಯಲ್ಲಿ 100 ಗ್ರಾಂ ಜರಿ ಇದೆ, ಅದು ಆಗ ಹೇಳಿದ ಶೇ 65, ಶೇ 0.65ರ ಜರಿ ಅಂದುಕೊಳ್ಳಿ. ಬೆಳ್ಳಿ 65 ಗ್ರಾಂ, 6,500 ರೂಪಾಯಿ. ಚಿನ್ನ ಒಂದು ಗ್ರಾಮೂ ಇಲ್ಲ, 0.65 ಗ್ರಾಂ, ಅದೂ 6,500 ರೂಪಾಯಿ. ಒಟ್ಟು 13,000. ಸುಡೋ ಖರ್ಚು, ಶುದ್ಧ ಮಾಡೋ ಖರ್ಚು, ಕೊಳ್ಳೋನ ಲಾಭ ಕಳೆದು ನಿಮ್ಮ ಕೈಗೆ ಬರೋದು ಅದಕ್ಕಿಂತ ಕಮ್ಮಿ. ಅಷ್ಟೇ ಅಸಲಿ ಜರಿ ಇರೋ ಹೊಸ ರೇಷ್ಮೆ ಸೀರೆ ಅಂಗಡಿಯಲ್ಲಿ ಕೇಳಿ ನೋಡಿ. ಇದರ ಎಷ್ಟೋ ಪಟ್ಟು ಹೇಳ್ತಾರೆ.

ಬೆಳ್ಳಿ ಬೆಲೆ ಏರಿದಾಗೆಲ್ಲ ಬಾಗಿಲಿಗೆ ಬರೋರು ಹೆಚ್ಚಾಗ್ತಾರೆ. ಅಜ್ಜಿಗೆ ಆವಾಗ ಬೇರೆ ದಾರಿ ಇರಲಿಲ್ಲ. ಫೀಸು ಕಟ್ಟೋಕೆ ಇನ್ನೊಂದು ಖಾತೆ ಇರಲಿಲ್ಲ. ಇವತ್ತು ನನಗೆ ಸಂಬಳ ಬರುತ್ತೆ, ನನ್ನ ಹೆಸರಲ್ಲಿ ಖಾತೆ ಇದೆ, ಆಸ್ತಿಯಲ್ಲಿ ಕಾನೂನಿನ ಪಾಲಿದೆ. ನನ್ನ ಮಟ್ಟಿಗೆ ಸೀರೆ ಇನ್ನು ಬ್ಯಾಂಕಿನ ಕೆಲಸ ಮಾಡಬೇಕಾಗಿಲ್ಲ, ಬಟ್ಟೆಯಾಗಿ ಇದ್ದರೆ ಸಾಕು. ಎಲ್ಲರ ಮನೆಯ ಸ್ಥಿತಿ ಹೀಗಿಲ್ಲ ಅಂತ ನನಗೆ ಗೊತ್ತು. ಇವತ್ತೂ ಯಾರಾದರೂ ಆಸ್ಪತ್ರೆ ಬಿಲ್ಲಿಗೆ, ಮಕ್ಕಳ ಫೀಸಿಗೆ ಅಂತ ಸೀರೆ ಮಾರಿದರೆ ಅದು ಅವರ ಹಕ್ಕು, ಅದಕ್ಕೆ ನಾವು ಮೂಗು ತೂರಿಸೋದು ಬೇಡ. ಆದರೆ ಬೀರುವಿನಲ್ಲಿ ಜಾಗ ಇಲ್ಲ, ಇನ್ಯಾರು ಉಡ್ತಾರೆ ಅನ್ನೋ ಕಾರಣಕ್ಕೆ ಕೊಡ್ತಿದ್ದರೆ ಒಂದು ನಿಮಿಷ ನಿಲ್ಲಿ. ಮನೆಯಲ್ಲಿ ಉಡೋರು ಇದ್ದಾರಾ ಕೇಳಿ.

ಇನ್ನೊಂದು ಕೆಲಸ ಇದಕ್ಕಿಂತ ಅರ್ಜೆಂಟು. ಸೀರೆ ಯಾರದು, ಯಾವ ವರ್ಷದ್ದು, ಯಾವ ಊರಿನ ಅಂಗಡಿಯದ್ದು, ಯಾವ ಸಂದರ್ಭಕ್ಕೆ ತಂದಿದ್ದು ಅಂತ ಒಂದು ಚೀಟಿಯಲ್ಲಿ ಬರೆದು ಸೀರೆ ಜೊತೆ ಇಡಿ. ಮಾರಿಬಿಟ್ಟ ಸೀರೆದೂ ಬರೆಯಿರಿ. ಯಾಕೆ ಮಾರಿದ್ರು, ಬಂದ ದುಡ್ಡು ಯಾವುದಕ್ಕೆ ಆಯ್ತು ಅಂತಲೂ ಬರೆಯಿರಿ. ನಮ್ಮಲ್ಲಿ ಎಷ್ಟೋ ಜನರ ಓದು, ಮನೆಗೆ ಬಿದ್ದ ಮೊದಲ ಹೆಂಚು, ಕೊಟ್ಟಿಗೆಗೆ ಬಂದ ಮೊದಲ ಹಸು ಬಂದಿದ್ದು ಸುಟ್ಟುಹೋದ ಅಂಚುಗಳಿಂದ. ಅದು ಯಾವ ದಾಖಲೆಯಲ್ಲೂ ಇಲ್ಲ, ಅಜ್ಜಿಯಂದಿರ ನೆನಪಿನಲ್ಲಿ ಮಾತ್ರ ಇದೆ.

ನಿಮ್ಮ ಮನೆಯಲ್ಲಿ ಹೀಗೆ ಹೋದ ಸೀರೆ, ಉಳಿದ ಸೀರೆಯ ಕಥೆ ಇದ್ದರೆ ಧ್ವನಿ ಸಂದೇಶದಲ್ಲಿ ಕಳಿಸಿ. ಹಿರಿಯರ ದನಿಯಲ್ಲೇ ಇದ್ದರೆ ಇನ್ನೂ ಒಳ್ಳೇದು. ಆಯ್ದ ಕೆಲವನ್ನ ಮುಂದೊಂದು ಸಂಚಿಕೆಯಲ್ಲಿ ಕೇಳಿಸ್ತೀನಿ.